ಕ್ಯಾಂಪಿಂಗಿಗೆ ಯಾವ ಸನಿಕೆ ಕೊಳ್ಳಬೇಕು?

“ಸರ್, ಮಡಚುವ ಸನಿಕೆ ಒಂದನ್ನು ನೋಡಿಟ್ಟಿದ್ದೇನೆ. ಕಾವಿನೊಳಗೆ ಚಾಕು, ಗರಗಸ, ಸೀಟಿ, ಬೆಂಕಿ ಹೊತ್ತಿಸುವ ಕಡ್ಡಿ ಎಲ್ಲ ಇದೆ. ತಗೊಳ್ಳಲಾ?” ಚಾರಣ ಶುರು ಮಾಡಿದವರು, ಹೊಸದಾಗಿ ಜೀಪು ಕೊಂಡವರು, ತೋಟದಲ್ಲಿ ಟೆಂಟ್ ಹಾಕಿ ಮಕ್ಕಳ ಜೊತೆ ಒಂದೆರಡು ರಾತ್ರಿ ಕಳೆಯಬೇಕು ಎನ್ನುವವರು, ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟು: ಆ ಸನಿಕೆ ಎಷ್ಟು ಕೆಲಸ ಮಾಡುತ್ತದೆ ಎಂದು ಎಣಿಸಬೇಡಿ, ಅದರಲ್ಲಿ ಎಷ್ಟು ಕೀಲುಗಳಿವೆ ಎಂದು ಎಣಿಸಿ. ಕೀಲು ಕಡಿಮೆ ಇರುವುದನ್ನೇ ಕೊಳ್ಳಿ.

ಸನಿಕೆಯ ಅಲಗು ಮುರಿಯುವುದು ಅಪರೂಪ. ಕೈಕೊಡುವುದು ಅಲಗು ಕಾವಿಗೆ ಸೇರುವ ಜಾಗ. ಅಲಗನ್ನು ನೆಲಕ್ಕೆ ಇಳಿಸಿ ಕಾವನ್ನು ಕೆಳಕ್ಕೆ ಒತ್ತಿ ಮಣ್ಣು ಮೀಟುತ್ತೇವಲ್ಲ, ಆಗ ನಮ್ಮ ಬಲ ಹಲವು ಪಟ್ಟಾಗಿ ಬಂದು ಬೀಳುವುದು ಅಲ್ಲಿಯೇ. ಮಡಚುವ ಸನಿಕೆಯಲ್ಲಿ ಅಷ್ಟೂ ಬಲವನ್ನು ತಡೆಯಬೇಕಾದ್ದು ಒಂದು ಕೀಲು, ಒಂದೆರಡು ರಿವೆಟ್, ತಿರುಗಿಸಿ ಬಿಗಿಯುವ ಒಂದು ಬಳೆ. ಕಾವನ್ನೇ ಮೂರು ನಾಲ್ಕು ತುಂಡು ಮಾಡಿ ಒಂದಕ್ಕೊಂದು ತಿರುಗಿಸಿ ಕೂಡಿಸುವ ಮಾದರಿಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಅವು ಬಹುಪಾಲು ಟೊಳ್ಳು ಅಲ್ಯೂಮಿನಿಯಂ ಕೊಳವೆಗಳು. ಥ್ರೆಡ್ ಕೊರೆದ ಕಡೆ ಲೋಹ ಅತಿ ತೆಳುವಾಗಿರುತ್ತದೆ. ನಾಲ್ಕು ಕಣ ಮರಳು ಒಳಗೆ ಸೇರಿದರೆ ಥ್ರೆಡ್ ಕಚ್ಚಿಕೊಂಡು ಬಿಚ್ಚಲೂ ಬರುವುದಿಲ್ಲ, ಬಿಗಿಯಲೂ ಬರುವುದಿಲ್ಲ. ಒಳಗೆ ಚಾಕು ಇಡಬೇಕೆಂದರೆ ಕಾವು ಟೊಳ್ಳಾಗಬೇಕು, ತುಂಡಾಗಬೇಕು. ಹೀಗೆ ಸೇರಿಸಿದ ಒಂದೊಂದು ಸೌಕರ್ಯವೂ ಅಗೆಯುವ ಬಲವನ್ನು ತಿನ್ನುತ್ತ ಹೋಗುತ್ತದೆ. ಆ ಚಾಕು ಸಹ ಅಗ್ಗದ ತಗಡು. ನಿಮ್ಮ ಬಳಿ ಒಂದು ಒಳ್ಳೆಯ ಚಾಕು ಹೇಗೂ ಇದ್ದೇ ಇರುತ್ತದೆ.

ಈ ವಿಷಯದಲ್ಲಿ ಸೈನ್ಯಗಳ ಅನುಭವ ನಮಗೆ ದೊಡ್ಡ ಪಾಠ. ಸೈನಿಕ ಬೆನ್ನ ಮೇಲೆ ಹೊರುವ ಚಿಕ್ಕ ಸನಿಕೆಗೆ 1869ರಲ್ಲಿ ಪೇಟೆಂಟ್ ಪಡೆದವನು ಲಿನ್ನೆಮನ್ ಎಂಬ ಡೆನ್ಮಾರ್ಕಿನ ಸೇನಾಧಿಕಾರಿ. ಅದರಲ್ಲಿ ಕೀಲೇ ಇರಲಿಲ್ಲ. ಒಂದು ಅಲಗು, ಒಂದು ಗಿಡ್ಡ ಮರದ ಕಾವು, ಅಷ್ಟೇ. ಆಸ್ಟ್ರಿಯಾ, ಜರ್ಮನಿ, ರಷ್ಯಾ ಸೈನ್ಯಗಳೆಲ್ಲ ಅದನ್ನೇ ತೆಗೆದುಕೊಂಡವು. ರಷ್ಯನ್ನರ ‘ಎಂಪಿಎಲ್-50’ ಅದರದೇ ಸಂತತಿ. ಒಟ್ಟು ಉದ್ದ 50 ಸೆಂ.ಮೀ., ಅಲಗಿನ ಉದ್ದ 18, ಅಗಲ 15. ಅಳತೆ ನಿಶ್ಚಿತವಾಗಿರುವುದರಿಂದ ಸೈನಿಕರು ಅದನ್ನು ಅಳತೆಕೋಲಾಗಿಯೂ ಬಳಸುತ್ತಿದ್ದರು. ಮಡಚುವ ಸನಿಕೆಯನ್ನು ಜರ್ಮನ್ನರು 1938ರಲ್ಲಿ ತಂದರು, ಅಮೆರಿಕನ್ನರು ಅದನ್ನು ನೋಡಿ 1943ರಲ್ಲಿ ತಮ್ಮದನ್ನು ಮಾಡಿದರು. 1951ರ ಮಾದರಿಯಲ್ಲಿ ಪಿಕಾಸಿಯ ಮೂತಿ ಸೇರಿತು. 1967ರಲ್ಲಿ ಮೂರು ಮಡಿಕೆಯ, ತ್ರಿಕೋನ ಹಿಡಿಯ ಸನಿಕೆ ಬಂತು. ಇಂದು ಅಂಗಡಿಗಳಲ್ಲಿ ಕಾಣುವ ಮೂರು ಮಡಿಕೆಯವೆಲ್ಲ ಅದರ ನಕಲುಗಳೇ. ಸೈನ್ಯಗಳು ಮಡಚಿದ್ದು ಜಾಗ ಉಳಿಸುವುದಕ್ಕೆ. ಆ ಇಕ್ಕಟ್ಟು ನಿಮಗಿಲ್ಲದಿದ್ದರೆ ಮಡಚುವುದರಿಂದ ನಿಮಗೆ ಸಿಗುವುದು ಏನೂ ಇಲ್ಲ.

ಆದರೂ ಮಡಚುವ ಸನಿಕೆಯ ಒಂದು ಗುಣ ನನಗೆ ಬಹಳ ಇಷ್ಟ. ಅಲಗನ್ನು 90 ಡಿಗ್ರಿಗೆ ನಿಲ್ಲಿಸಿ ಬಿಗಿದರೆ ಅದು ಗುದ್ದಲಿಯಾಗುತ್ತದೆ. ಯುರೋಪಿನವರು ಗಟ್ಟಿ ಬೂಟು ಹಾಕಿದ ಕಾಲಿನಿಂದ ಅಲಗನ್ನು ಮೆಟ್ಟಿ, ತಳ್ಳಿ ಅಗೆಯುತ್ತಾರೆ. ನಮ್ಮ ನೆಲದಲ್ಲಿ ಅಗೆತವೆಂದರೆ ಎತ್ತಿ ಹಾಕಿ ತನ್ನ ಕಡೆಗೆ ಎಳೆಯುವುದು. ಬರಿಗಾಲಿನಲ್ಲೋ ಹವಾಯಿ ಚಪ್ಪಲಿಯಲ್ಲೋ ಗೇಯುವವನಿಗೆ ಒಗ್ಗುವುದು ಅದೇ. ಮಲೆನಾಡಿನ ಬೇರು ಹೆಣೆದ ನೆಲದಲ್ಲಿ, ಕರಾವಳಿಯ ಮುರಕಲ್ಲಿನಲ್ಲಿ, ಬಯಲುಸೀಮೆಯ ಬೇಸಿಗೆಯ ಗರಸಿನಲ್ಲಿ ತಳ್ಳುವ ಸನಿಕೆ ಒಂದಿಂಚೂ ಇಳಿಯದು. ಎತ್ತಿ ಹಾಕಿದರೆ ಇಳಿದೀತು. ಆದ್ದರಿಂದ ಮಡಚುವುದನ್ನೇ ಕೊಳ್ಳುವುದಾದರೆ ಮೊದಲು ನೋಡಬೇಕಾದ್ದು 90 ಡಿಗ್ರಿಯಲ್ಲಿ ಅಲಗು ಅಲ್ಲಾಡದೆ ನಿಲ್ಲುತ್ತದೆಯೇ ಎಂದು. ನೇರವಾಗಿ ನಿಂತಾಗ ಗಟ್ಟಿಯಾಗಿದ್ದು, ಗುದ್ದಲಿಯಾದಾಗ ಲೊಟಲೊಟ ಎನ್ನುವ ಸನಿಕೆಗಳೇ ಹೆಚ್ಚು.

ಇನ್ನು, ಯಾವ ಕೆಲಸಕ್ಕೆ ಎಂಬ ಮಾತು. ಇದನ್ನು ಕೇಳದೆ ನಾನು ಯಾರಿಗೂ ಏನನ್ನೂ ಕೊಳ್ಳಿ ಎಂದು ಹೇಳುವುದಿಲ್ಲ.

ಬೆನ್ನಿಗೆ ಚೀಲ ಹಾಕಿ ನಡೆಯುವ ಚಾರಣಕ್ಕಾದರೆ ಉಕ್ಕಿನ ಸನಿಕೆ ಬೇಡವೇ ಬೇಡ. ಅಲ್ಲಿ ಅಗೆಯುವ ಕೆಲಸ ಇರುವುದು ಒಂದೇ, ಬೆಳಗಿನ ಶೌಚಕ್ಕೆ ಗುಂಡಿ. 15ರಿಂದ 20 ಸೆಂ.ಮೀ. ಆಳ ಸಾಕು, ತೊರೆ ಕೆರೆಗಳಿಂದ 60 ಮೀಟರಾದರೂ ದೂರ ಇರಬೇಕು. ಅದಕ್ಕೆ ತೋಟಗಾರಿಕೆಯ ಕೈಕರಣೆಯಂಥ ಪುಟ್ಟ ಸಾಧನ ಸಾಲುತ್ತದೆ. ಅಲ್ಯೂಮಿನಿಯಂನಲ್ಲಿ ಮಾಡಿದವು 20 ಗ್ರಾಂ ಕೂಡ ತೂಗದಂಥವು ಸಿಗುತ್ತವೆ. ಒಂದು ಕಿಲೋ ಮೀರುವ ಮೂರು ಮಡಿಕೆಯ ಉಕ್ಕನ್ನು ಹೊತ್ತು 1,712 ಮೀಟರಿನ ಕುಮಾರಪರ್ವತ ಹತ್ತಿ ನೋಡಿ, ಗಿರಿಗದ್ದೆಯ ಭಟ್ಟರ ಮನೆ ತಲುಪುವ ಮೊದಲೇ ಅದು ಯಾಕೆ ಬೇಕಿತ್ತು ಅನಿಸುತ್ತದೆ.

ಕಾಡಿನ ಚಾರಣಕ್ಕೆ ಹೋಗುವವರು ಕಾನೂನನ್ನೂ ತಿಳಿದಿರಬೇಕು. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ. ಆ ಕಾಯ್ದೆ ಆಯುಧ ಎನ್ನುವಾಗ ಚಾಕುವನ್ನೂ ಹೆಸರಿಸುತ್ತದೆ. 30ನೇ ಕಲಮು ಬೆಂಕಿ ಹಚ್ಚುವುದನ್ನು ತಡೆಯುತ್ತದೆ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನಗಳಿಗೂ ಇವು ಅನ್ವಯಿಸುತ್ತವೆ. ಕಾವಿನೊಳಗೆ ಚಾಕು, ಬೆಂಕಿ ಕಡ್ಡಿ, ಪಕ್ಕದಲ್ಲಿ ಗರಗಸದ ಹಲ್ಲು ಇರುವ ‘ಸರ್ವೈವಲ್’ ಸನಿಕೆಯನ್ನು ಚೆಕ್‌ಪೋಸ್ಟಿನಲ್ಲಿ ಗಾರ್ಡ್ ತೆಗೆದಿಟ್ಟುಕೊಂಡರೆ ಅವರ ಮೇಲೆ ಸಿಟ್ಟಾಗಬೇಡಿ. ಕಾಡಿನಲ್ಲಿ ಕಡಿಯುವುದು, ಸುಡುವುದು ಎರಡೂ ನಮ್ಮ ಕೆಲಸವಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದುಹೋದದ್ದನ್ನು ಯಾರೂ ಮರೆಯುವಂತಿಲ್ಲ.

ಟೆಂಟಿನ ಸುತ್ತ ಕಾಲುವೆ ತೋಡುವ ಹಳೆಯ ಪದ್ಧತಿಯನ್ನೂ ದಯವಿಟ್ಟು ಬಿಡಿ. ಘಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಒಮ್ಮೆ ಹುಲ್ಲಿನ ಬೇರು ಕಿತ್ತುಬಂದರೆ ಮುಂದಿನ ಮಳೆಗೆ ಆ ಗೀರೇ ಕೊರಕಲಾಗುತ್ತದೆ. ತಗ್ಗು ಬಿಟ್ಟು ತುಸು ಎತ್ತರದ ಇಳಿಜಾರು ಆರಿಸಿಕೊಂಡರೆ ಕಾಲುವೆಯ ಅಗತ್ಯವೇ ಬೀಳುವುದಿಲ್ಲ.

ಜೀಪಿನವರ ಕಥೆ ಬೇರೆ. ನಿಜವಾಗಿ ಗಟ್ಟಿ ಸನಿಕೆ ಬೇಕಾಗುವುದು ಅವರಿಗೆ, ಮತ್ತು ಮಡಚುವ ಸನಿಕೆ ಅತಿ ಹೆಚ್ಚು ನಿರಾಸೆ ಮಾಡುವುದೂ ಅವರಿಗೇ. ಸಕಲೇಶಪುರ, ಕೊಡಗಿನ ತೋಟದ ದಾರಿಗಳಲ್ಲಿ ಆಷಾಢದ ಮಳೆಯಲ್ಲಿ ಚಕ್ರ ಹೂತರೆ ಮಣ್ಣು ತೆಗೆಯಬೇಕಾದ್ದು ಚಕ್ರದ ಮುಂದೆ ಮಾತ್ರವಲ್ಲ, ಗಾಡಿಯ ಹೊಟ್ಟೆಯ ಕೆಳಗೆ. ಆಕ್ಸಲ್, ಡಿಫರೆನ್ಷಿಯಲ್ ಕೆಸರಿನ ಮೇಲೆ ಕೂತುಬಿಟ್ಟಿದ್ದರೆ ಚಕ್ರ ಎಷ್ಟು ತಿರುಗಿದರೂ ಗಾಡಿ ಕದಲುವುದಿಲ್ಲ, ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಒಂದೂವರೆ ಅಡಿಯ ಸನಿಕೆ ಹಿಡಿದು ಅಲ್ಲಿಗೆ ಕೈ ನೀಡಬೇಕಾದರೆ ಕೆಸರಿನಲ್ಲಿ ಬೋರಲು ಮಲಗಿ, ಯಾವ ಗಳಿಗೆಯಲ್ಲಾದರೂ ಜರುಗಬಹುದಾದ ಗಾಡಿಯ ಕೆಳಗೆ ತಲೆ ಹಾಕಬೇಕು. ಅದು ಜೀವಕ್ಕೆ ಅಪಾಯ. ಜೀಪಿಗೆ ಬೇಕಾದ್ದು ಉದ್ದ: ಮೂರಡಿಯಾದರೂ ಇರುವ, ಮೂತಿ ಚೂಪಾದ, ತುದಿಯಲ್ಲಿ ಡಿ ಆಕಾರದ ಹಿಡಿ ಇರುವ ಒಂದೇ ತುಂಡಿನ ಸನಿಕೆ. ಟಾಟಾ ಅಗ್ರಿಕೊ ಮುಂತಾದವರು ಮಾಡುವ, ಗಾರೆ ಕೆಲಸದವರು ಕೊಳ್ಳುವ ಸನಿಕೆಯೇ ಸಾಕು. ಹಿಂದಿನ ಸೀಟಿನ ಕೆಳಗೆ ಹಿಡಿಸದಿದ್ದರೆ ಛಾವಣಿಯ ಕ್ಯಾರಿಯರಿಗೆ ಕಟ್ಟಿ. ಅಗೆಯುವ ಮೊದಲು ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಲ್ಲು ಕೊಡಿ. ಹೊಟ್ಟೆಯ ಕೆಳಗಿನ ಮಣ್ಣು ಬಿಡಿಸಿ, ಚಕ್ರದ ಮುಂದೆ ಉದ್ದನೆಯ ಇಳಿಜಾರು ಮಾಡಿ, ಟೈರಿನ ಗಾಳಿ ಇಳಿಸಿ. ಆಮೇಲಷ್ಟೇ ಎಂಜಿನ್ ಚಾಲೂ ಮಾಡುವುದು.

ಹಿಮದ ಕಡೆ ಹೋಗುವವರೂ ಕೇಳುತ್ತಾರೆ. ಹಿಮಕ್ಕೆ ಬೇಕಾದ್ದು ಅಗಲ ಅಲಗಿನ ಅಲ್ಯೂಮಿನಿಯಂ ಸನಿಕೆ, ಅದರ ಜೊತೆಗೆ ಹೂತವರಿರುವ ಜಾಗವನ್ನು ರೇಡಿಯೊ ಸಂಕೇತದಿಂದ ತೋರಿಸುವ ಬೀಕನ್ ಮತ್ತು ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು, ಅಂದರೆ ಪ್ರೋಬ್. ಹಿಮಕುಸಿತದಲ್ಲಿ ಹೂತವರನ್ನು ಮೊದಲ ಕಾಲು ಗಂಟೆಯೊಳಗೆ ತೆಗೆದರೆ ಬದುಕುವ ಆಸೆ ಹೆಚ್ಚು. ಆಮೇಲೆ ಅದು ವೇಗವಾಗಿ ಕುಸಿಯುತ್ತದೆ. ಅಂಗೈಯಗಲದ ಉಕ್ಕಿನ ಅಲಗಿನಿಂದ ಅಷ್ಟು ಹೊತ್ತಿನಲ್ಲಿ ಅಷ್ಟು ಹಿಮ ತೆಗೆಯಲಾಗುವುದಿಲ್ಲ.

ಉಳಿದವರು ತೋಟ, ಹೋಮ್‌ಸ್ಟೇ, ಸ್ವಂತ ಜಮೀನಿನಲ್ಲಿ ಕ್ಯಾಂಪ್ ಹಾಕುವವರು. ಒಲೆಗೆ ಗುಂಡಿ, ಬಚ್ಚಲ ನೀರಿಗೆ ತಗ್ಗು, ಟೆಂಟಿನ ಗೂಟ, ಕೆಂಡ ಎತ್ತುವುದು, ಇವೇ ಕೆಲಸ. ನನ್ನ ಆಯ್ಕೆ ಲಿನ್ನೆಮನ್ ಬಗೆಯದೇ: 50 ಸೆಂ.ಮೀ., ಗಟ್ಟಿ ಮರದ ಕಾವು, ಕೀಲಿಲ್ಲ. ಮುಕ್ಕಾಲು ಕಿಲೋ ಆಸುಪಾಸು ತೂಗುತ್ತದೆ. ಅಂಚು ಮಸೆದಿಟ್ಟರೆ ತೆಳು ಬೇರು, ಪೊದೆ ಕಡಿಯುತ್ತದೆ. ಕಾವು ಮುರಿದರೆ ಯಾವ ಊರಿನಲ್ಲಾದರೂ ಹೊಸದು ಹಾಕಿಸಬಹುದು. ಮಡಚುವುದರ ಕೀಲು ಮುರಿದರೆ ಅದಕ್ಕೆ ರಿಪೇರಿ ಇಲ್ಲ. ಬೆಂಕಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಕೆಂಡದ ಮೇಲೆ ಮಣ್ಣು ಎಳೆದು ಆರಿತು ಎಂದುಕೊಳ್ಳಬೇಡಿ. ಮುಚ್ಚಿದ ಕೆಂಡ ಬೇರಿನ ಗುಂಟ ಹೊಗೆಯಾಡುತ್ತಿದ್ದು ಗಾಳಿ ಬೀಸಿದಾಗ ಏಳುತ್ತದೆ. ನೀರು ಹೊಯ್ಯಿರಿ, ಸನಿಕೆಯಿಂದ ಕಲಕಿ, ಮತ್ತೆ ಹೊಯ್ಯಿರಿ. ಅಂಗೈ ಹಿಂಭಾಗಕ್ಕೆ ಬಿಸಿ ತಾಗದಂತಾಗುವವರೆಗೆ ಬಿಡಬೇಡಿ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ ನೋಡಬೇಕಾದ್ದನ್ನೂ ಹೇಳಿಬಿಡುತ್ತೇನೆ. ಅಲಗಿನ ದಪ್ಪ ಎರಡು ಮಿ.ಮೀ.ಗಿಂತ ಕಡಿಮೆ ಇರಬಾರದು. ‘ಸ್ಟೇನ್‌ಲೆಸ್’ ಎಂಬ ಪದಕ್ಕೆ ಮನಸೋಲಬೇಡಿ. ಸನಿಕೆಗೆ ಒಳ್ಳೆಯದು ಹದ ಕೊಟ್ಟ ಮಧ್ಯಮ ಕಾರ್ಬನ್ ಉಕ್ಕು ಅಥವಾ ಬೋರಾನ್ ಉಕ್ಕು. ತುಕ್ಕು ಹಿಡಿಯುತ್ತದೆ, ನಿಜ. ಒರೆಸಿ ಕೊಬ್ಬರಿ ಎಣ್ಣೆ ಸವರಿಟ್ಟರೆ ಮುಗಿಯಿತು. ಅಂಗಡಿಯವರು ಒಪ್ಪಿದರೆ ಅಂಚಿನ ಮೇಲೆ ಒಂದು ಅರ ಆಡಿಸಿ. ಬೆಣ್ಣೆಯಂತೆ ಕತ್ತರಿಸಿಕೊಂಡು ಹೋದರೆ ಅದು ಹದ ಕಾಣದ ಮೆದು ಕಬ್ಬಿಣ, ಕಲ್ಲಿಗೆ ತಾಗಿದ ಕೂಡಲೇ ಬಾಯಿ ಮಡಚುತ್ತದೆ. ಅರ ಸುಮ್ಮನೆ ಜಾರಿದರೆ ಅತಿ ಗಡಸು, ಚಕ್ಕೆ ಏಳುತ್ತದೆ. ಕಚ್ಚಬೇಕು, ಆದರೆ ಕಷ್ಟಪಟ್ಟು ಕಚ್ಚಬೇಕು. ಮಡಚುವುದಾದರೆ ಪೂರ್ತಿ ಬಿಗಿದು, ಅಲಗನ್ನು ಒಂದು ಕೈಯಲ್ಲಿ, ಕಾವನ್ನು ಇನ್ನೊಂದರಲ್ಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಹೊಸದರಲ್ಲೇ ಅಲ್ಲಾಡಿದರೆ ಅಲ್ಲೇ ಇಟ್ಟು ಬನ್ನಿ.

ಕೊನೆಗೆ, “ಊರಿನ ಕಮ್ಮಾರರ ಹತ್ತಿರ ಮಾಡಿಸಬಹುದಾ?” ಎಂದು ಕೇಳುವವರೂ ಇದ್ದಾರೆ. ಖಂಡಿತ ಮಾಡಿಸಬಹುದು, ಮಾಡಿಸಿದರೆ ನನಗೆ ಸಂತೋಷ. ಮಚ್ಚು, ಕತ್ತಿಗೆ ಅವರು ಬಳಸುವ ಲಾರಿಯ ಹಳೆಯ ಕಮಾನು ಪಟ್ಟಿ ಒಳ್ಳೆಯ ಉಕ್ಕು. ಸನಿಕೆಗೆ ಅದನ್ನು ಬಡಿದು ಮೂರು ಮಿ.ಮೀ.ಗೆ ತೆಳುಮಾಡಬೇಕು, ಅದು ಬಹಳ ದುಡಿಮೆಯ ಕೆಲಸ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಮೇಲೆ ಹೇಳಿದ 18–15ರ ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿ ಕೊಡಿ. ಕಾವು ಕೂರುವ ಕೊಳವೆಯನ್ನು ಬೆಸುಗೆ ಹಾಕಿಸಬೇಡಿ, ಬೆಸುಗೆಯ ಬಿಸಿಗೆ ಉಕ್ಕಿನ ಹದ ಕೆಡುತ್ತದೆ. ಅಲಗಿನ ಲೋಹವನ್ನೇ ಸುತ್ತಿ ಕೊಳವೆ ಮಾಡಲು ಹೇಳಿ, ಅಡ್ಡಕ್ಕೊಂದು ಮೊಳೆಗೆ ತೂತು ಬಿಡಿಸಿ. ಕಾವಿಗೆ ಚೆನ್ನಾಗಿ ಒಣಗಿದ ಜಾಲಿ ಸಿಕ್ಕರೆ ಬೇರೆ ಮರ ಹುಡುಕಬೇಡಿ. ಹಸಿ ಮರ ಹಾಕಿದರೆ ಬೇಸಿಗೆಗೆ ಕುಗ್ಗಿ ಸಡಿಲವಾಗುತ್ತದೆ. ಮಸೆಯುವುದು ಅರದಿಂದ, ಅಲಗಿನ ಒಂದೇ ಮೈಗೆ. ಮುಂದಿನ ಅಂಚು ಮತ್ತು ಒಂದು ಪಕ್ಕ ಸಾಕು, ಇನ್ನೊಂದು ಪಕ್ಕ ಮೊಂಡಾಗಿಯೇ ಇರಲಿ, ಮಕ್ಕಳಿರುವ ಕ್ಯಾಂಪಿನಲ್ಲಿ ಅದು ಮುಖ್ಯ. ಮಸೆದ ಅಂಚಿಗೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಹೊದಿಸಿ ಕಟ್ಟಿಡಿ.