ಸುಮ್ನೆ ಬೈಸಿಕೊಂಡ ಬ್ಯಾಟರಿ

ಗಾಡಿ ಸ್ಟಾರ್ಟ್ ಆಗದಿದ್ದರೆ ನಮ್ಮ ಮಂಡ್ಯದ ಕಡೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ಆಮೇಲೆ ಅದನ್ನು ಮಾರಿದವನು. ಬೇರೆ ಯಾವುದರ ಮೇಲೂ ಯಾರಿಗೂ ಅನುಮಾನವೇ ಬರುವುದಿಲ್ಲ.

ಹೋದ ವರ್ಷ ಮಳೆಗಾಲದ ಕೊನೆಗೆ ಚಿಕ್ಕಪ್ಪನ ಪಿಕಪ್ ಗಾಡಿ ತೋಟದಲ್ಲೇ ನಿಂತುಬಿಟ್ಟಿತು. ಹಿಂದೆ ತುಂಬಾ ಎಳನೀರು. ಬೆಳಗ್ಗೆಯೇ ಮದ್ದೂರಿನ ಮಾರುಕಟ್ಟೆ ಸೇರಬೇಕಿತ್ತು. ಕೀ ತಿರುಗಿಸಿದರೆ ಕಟಕಟ ಕಟಕಟ ಸದ್ದು, ಅಷ್ಟೇ. ಸೆಲ್ಫ್ ಹೊಡೆಯುತ್ತಲೇ ಇಲ್ಲ. ಹಿಂದಿನ ದಿನ ವಿ.ಸಿ. ನಾಲೆ ನೀರು ಕಟ್ಟಿದ್ದರಿಂದ ನೆಲವೆಲ್ಲ ಕೆಸರು. ಲೋಡ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡುವ ಮಾತೇ ಇರಲಿಲ್ಲ.

"ಬ್ಯಾಟ್ರಿ ಸತ್ತೋಗದೆ ಕಣ್ ಮಗ" ಎಂದರು ಚಿಕ್ಕಪ್ಪ. ಕಾಯಿ ಕೀಳಲು ಬಂದಿದ್ದವರೂ ಹೂಂ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಸಾಮಾನ್ಯವಾಗಿ ಬ್ಯಾಟರಿ ಡೌನ್ ಆದಾಗಲೇ ಆ ಸದ್ದು ಬರುವುದು. ಸೆಲ್ಫ್ ಮೋಟಾರಿನ ಸೊಲೆನಾಯ್ಡ್, ಅಂದರೆ ಅದಕ್ಕೆ ಕರೆಂಟ್ ಬಿಡುವ ಅಯಸ್ಕಾಂತದ ಸ್ವಿಚ್, ಒಳಕ್ಕೆ ಎಳೆದುಕೊಳ್ಳುತ್ತದೆ. ಮೋಟಾರಿಗೆ ಕರೆಂಟ್ ಹರಿಯಲು ಶುರುವಾದ ಕೂಡಲೇ ವೋಲ್ಟೇಜ್ ಕುಸಿದು ಅದು ಬಿಟ್ಟುಬಿಡುತ್ತದೆ. ಮತ್ತೆ ಎಳೆಯುತ್ತದೆ, ಮತ್ತೆ ಬಿಡುತ್ತದೆ.

ಆದರೆ ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿದಾಗ ಬೆಳಕು ಮಂಕಾಗಲೇ ಇಲ್ಲ. ಬ್ಯಾಟರಿ ಸೋತಿದ್ದರೆ ಆ ಹೊತ್ತಿಗೆ ಲೈಟು ಕಣ್ಣು ಮುಚ್ಚಬೇಕಿತ್ತಲ್ವಾ?

ಪಕ್ಕದ ತೋಟದವರ ಕಾರು ತರಿಸಿ ಅದರ ಬ್ಯಾಟರಿಯಿಂದ ನಮ್ಮದಕ್ಕೆ ಕೇಬಲ್ ಕೊಟ್ಟು ನೋಡಿದೆವು. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಅದೇ ಕಟಕಟ. ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಲಾರಿ ನಿಲ್ಲಿಸಿ ಅದರಿಂದ ಕೊಡೋಣ ಎಂದು ಒಬ್ಬರ ಸಲಹೆ. ಬೇಡವೇ ಬೇಡ ಎಂದೆ. ಲಾರಿಯದು 24 ವೋಲ್ಟ್, ಪಿಕಪ್ಪಿನದು 12. ಸೆಲ್ಫ್ ತಿರುಗುವುದು ಆಮೇಲಿನ ಮಾತು, ಎಲೆಕ್ಟ್ರಾನಿಕ್ಸ್ ಸುಟ್ಟುಹೋದರೆ ಯಾರು ಕೊಡುತ್ತಾರೆ? ಅಷ್ಟರಲ್ಲಿ ಚಿಕ್ಕಪ್ಪ ಪೇಟೆಯ ಅಂಗಡಿಗೆ ಫೋನ್ ಮಾಡಿ ಹೊಸ ಬ್ಯಾಟರಿ ಎತ್ತಿಡಲು ಹೇಳಿಯೂ ಆಗಿತ್ತು.

ಪಂಪ್‌ಸೆಟ್ಟಿನ ಪ್ಯಾನೆಲ್ ನೋಡಲು ಇಟ್ಟುಕೊಂಡಿದ್ದ ಮಲ್ಟಿಮೀಟರ್ ತಂದೆ. ಡಿಸಿ 20 ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದರೆ 12.5. ಇಷ್ಟೇ ನೋಡಿ ತೀರ್ಪು ಕೊಡುವವರೇ ಜಾಸ್ತಿ. ಕೆಲಸವಿಲ್ಲದೆ ಕೂತ ಬ್ಯಾಟರಿ ಕೆಟ್ಟಿದ್ದರೂ 12.5 ತೋರಿಸಬಲ್ಲದು. ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡಬೇಕು. ಒಳ್ಳೆಯದು 10ರ ಆಸುಪಾಸಿನಲ್ಲಿ ಅಥವಾ ಮೇಲೆ ನಿಲ್ಲುತ್ತದೆ. ಸೋತದ್ದು 9ಕ್ಕಿಂತ ಕೆಳಗೆ ಬೀಳುತ್ತದೆ. ನಮ್ಮದು 12ರ ಹತ್ತಿರವೇ ಕೂತಿತ್ತು. ಮೋಟಾರ್ ಜಾಮ್ ಆಗಿದ್ದರೂ ವಿಪರೀತ ಕರೆಂಟ್ ಎಳೆದು ಅದನ್ನು ಬೀಳಿಸಬೇಕಿತ್ತು. ಅಂದರೆ ಬ್ಯಾಟರಿ ಕೊಡಲು ತಯಾರಿದೆ, ದಾರಿಯಲ್ಲೇ ಎಲ್ಲೋ ತಡೆ ಇದೆ.

ಕಪ್ಪು ಪ್ರೋಬ್ ಬ್ಯಾಟರಿಯ ಮೈನಸ್ ಮೇಲೆ, ಕೆಂಪು ಪ್ರೋಬ್ ಇಂಜಿನ್ನಿನ ಪೇಂಟ್ ಇಲ್ಲದ ಜಾಗದಲ್ಲಿ ಒತ್ತಿ ಹಿಡಿದೆ. ಚಿಕ್ಕಪ್ಪ ಕೀ ತಿರುಗಿಸಿದರು. ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು 6, 8 ಎಂದು ಕುಣಿಯಿತು. ಅಂದರೆ ತಡೆ ಇರುವುದು ಇಂಜಿನ್ನಿನಿಂದ ಕರೆಂಟ್ ವಾಪಸ್ ಬರುವ ದಾರಿಯಲ್ಲಿ.

ಆ ಗಾಡಿಯಲ್ಲಿ ಬ್ಯಾಟರಿಯ ಮೈನಸ್ ವೈರು ಷಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಬರುತ್ತದೆ. ಇಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಷಾಸಿಯಿಂದ ಗೇರ್‌ಬಾಕ್ಸಿಗೆ ಹೆಣೆದ ತಾಮ್ರದ ಅರ್ಥ್ ಪಟ್ಟಿ ಒಂದಿದೆ. ಲೈಟಿಗೆ ಷಾಸಿಯ ಅರ್ಥ್ ಸಾಕು, ಅದಕ್ಕೇ ಮಂಕಾಗಲಿಲ್ಲ. ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಮಾತ್ರ ಆ ಪಟ್ಟಿಯಲ್ಲೇ ವಾಪಸ್ ಬರಬೇಕು. ಕಾರಿನ ಕೇಬಲ್ ಬ್ಯಾಟರಿಗೆ ಕೊಟ್ಟಿದ್ದು ಯಾಕೆ ದಂಡವಾಯಿತು ಎಂದೂ ಗೊತ್ತಾಯಿತು.

"ಅಂದ್ರೆ ನಾಲೇಲಿ ನೀರದೆ, ತೂಬು ಕಟ್ಕಂಡದೆ ಅನ್ನು" ಎಂದರು ಚಿಕ್ಕಪ್ಪ. ನಾನು ಇಷ್ಟು ಹೊತ್ತು ಹೇಳಿದ್ದು ಅದನ್ನೇ.

ಅದೇ ಕೇಬಲ್ಲಿನ ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್ಸಿನಿಂದ ಸೀದಾ ಇಂಜಿನ್ನಿಗೆ ಕಚ್ಚಿಸಿದೆ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ನೋಡಿಕೊಂಡು ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 14.1. ಬ್ಯಾಟರಿಗೆ ಚಾರ್ಜ್ ತುಂಬುವ ಡೈನಮೋ ಮೇಲಿನ ಅನುಮಾನವೂ ಹೋಯಿತು.

ಲೋಡ್ ಇಳಿಸಿ ಬಂದ ಮೇಲೆ ಕೆಳಗೆ ನುಸುಳಿ ನೋಡಿದೆ. ಪಟ್ಟಿಯ ಎಳೆಗಳು ಅರ್ಧಕ್ಕರ್ಧ ಕಿತ್ತುಹೋಗಿ ಹಸಿರು ಕಿಲುಬು ಹಿಡಿದಿದ್ದವು. ಬೋಲ್ಟ್ ತುಕ್ಕು ಹಿಡಿದಿತ್ತು. ಕೆಸರಿನಲ್ಲಿ ಓಡುವ ಗಾಡಿಗೆ ಅದೇನು ಅಪರೂಪವಲ್ಲ. ಹೀಗೇ ಬಿಟ್ಟರೆ ಕರೆಂಟು ಕ್ಲಚ್ ಕೇಬಲ್ಲಿನಲ್ಲೋ ಆಕ್ಸಿಲರೇಟರ್ ಕೇಬಲ್ಲಿನಲ್ಲೋ ದಾರಿ ಹುಡುಕಿಕೊಂಡು ಅವನ್ನೂ ಸುಡಬಹುದು. ಬೋಲ್ಟ್ ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ಹೊಳೆಯುವಂತೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಬಳಿದೆ.

ಚಿಕ್ಕಪ್ಪ ಅಂಗಡಿಗೆ ಮತ್ತೆ ಫೋನ್ ಮಾಡಿ ಬ್ಯಾಟರಿ ಬೇಡ ಎಂದರು. "ಇರಲಿ ಬಿಡಿ ಅಣ್ಣ, ಇವತ್ತಲ್ಲ ನಾಳೆ ಬೇಕಾಗ್ತದೆ, ಎತ್ತಿಟ್ಟಿರ್ತೀನಿ" ಎಂದನಂತೆ ಅಂಗಡಿಯವನು.