ಕರಡಿ ಮಜಲಿಗೆ ಒಂದು ಗಂಟೆ

ವಿಜಯಪುರದ ನಮ್ಮ ಸಂಗೀತೋತ್ಸವಕ್ಕೆ ಯಾವ ತಂಡಗಳನ್ನು ಕರೆಯಬೇಕೆಂದು ಇಂದು ಕುಳಿತು ಕೇಳಿದ ಧ್ವನಿಮುದ್ರಣಗಳಲ್ಲಿ, ಕರಡಿ ಮಜಲಿನ ಒಂದು ತುಣುಕು ಇನ್ನೂ ಕಿವಿಯಲ್ಲೇ ಇದೆ. ಕರಡಿ ಎಂಬ ಚರ್ಮವಾದ್ಯ, ಶಹನಾಯಿಯಂತೆ ಊದುವ ಸನಾದಿ, ತಾಳ ಮೂರೂ ಕೂಡಿದ ಜನಪದ ಮೇಳವೇ ಕರಡಿ ಮಜಲು.

ಗುಡಿಯ ಮುಂದೆ ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಚಿತ್ರ ಅಲುಗಾಡುತ್ತದೆ, ಗಾಳಿಯ ಸದ್ದೂ ಇದೆ. ಆದರೂ ಸನಾದಿಯವರು ಒಂದು ಸ್ವರವನ್ನು ಎಳೆದು ನಿಲ್ಲಿಸಿದಾಗ, ಅದು ಇಳಿಯುವವರೆಗೆ ಕರಡಿ ಬಾರಿಸುವವರು ಕಾಯ್ದು, ತಾಳದವರ ಮುಖ ನೋಡಿ, ಒಮ್ಮೆಲೇ ಒಟ್ಟಿಗೆ ಪೆಟ್ಟು ಹಾಕುತ್ತಾರೆ. ಅಷ್ಟು ಭಾಗವನ್ನೇ ಮತ್ತೆ ಮತ್ತೆ ಕೇಳಿದೆ.

ಗಿಟಾರ್, ಕೀಬೋರ್ಡ್ ಹಿಡಿದ ಯುವಕರ ಬ್ಯಾಂಡ್ ಕಳಿಸಿದ ವಿಡಿಯೊ ಅಚ್ಚುಕಟ್ಟಾಗಿತ್ತು, ಹಾಡಿದ್ದೂ ಚೆನ್ನಾಗಿತ್ತು, ಅವರನ್ನೂ ಕರೆಯೋಣ. ಆದರೆ ವಿಡಿಯೊದ ಅಂದವನ್ನೇ ಅಳತೆಗೋಲಾಗಿ ಹಿಡಿದರೆ, ಹೊಲದ ಕೆಲಸ ಮುಗಿಸಿ ಬಂದು ನುಡಿಸುವವರು ಪ್ರತಿ ವರ್ಷವೂ ಮೊದಲ ಸುತ್ತಿನಲ್ಲೇ ಹೊರಗುಳಿಯುತ್ತಾರೆ. ಸಂಗೀತವನ್ನು ಅಷ್ಟು ಪ್ರೀತಿಸಿ, ನವರಸಪುರವೆಂಬ ಹೊಸ ನಗರವನ್ನೇ ಕಟ್ಟಿಸಲು ಹೊರಟ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಊರಿನಲ್ಲಿ ಹೀಗಾಗಬಾರದು.

ಮಜಲಿನವರನ್ನು ಮೆರವಣಿಗೆಗಷ್ಟೇ ಕರೆದು ಕಳಿಸುವುದು ಬೇಡ. ಪೂರ್ತಿ ಒಂದು ಗಂಟೆ, ಅದೂ ಬ್ಯಾಂಡಿಗಿಂತ ಮೊದಲು ಕೊಡಬೇಕು. ದೊಡ್ಡ ಸ್ಪೀಕರುಗಳ ಸದ್ದಿಗೆ ಒಗ್ಗಿದ ಕಿವಿಗೆ ಸನಾದಿಯ ಸಣ್ಣ ಬಳುಕುಗಳು ದಕ್ಕುವುದಿಲ್ಲ. ಸಂಭಾವನೆಯೂ ಬ್ಯಾಂಡಿನಷ್ಟೇ ಇರಲಿ ಎಂದು ಪಟ್ಟಿಯಲ್ಲಿ ಬರೆದಿದ್ದೇನೆ.