ಹಂಚಿನ ಮೇಲಿನ ಇಸವಿ

ನೀರ್ಚಾಲು
ಮೇ 18, 2025, ಭಾನುವಾರ

ಮಳೆ ಹಿಡಿಯುವ ಮೊದಲು ಹಳೆಮನೆಯ ಹಂಚು ಇಳಿಸಿ, ಉಜ್ಜಿ, ಮತ್ತೆ ಹೊದಿಸಬೇಕು. ನಿನ್ನೆಯಿಂದ ಅದೇ ಕೆಲಸ. ಮನೆ ದೊಡ್ಡದೇನಲ್ಲ. ಒಂದು ಜಗಲಿ, ಒಂದು ಚಾವಡಿ, ಹಿಂದೆ ಅಡುಗೆಕೋಣೆ, ಮೇಲೆ ಅಟ್ಟ. ದಾರಂದ, ಅಂದರೆ ಬಾಗಿಲ ಚೌಕಟ್ಟು, ಎಷ್ಟು ಗಿಡ್ಡ ಅಂದರೆ, ಹೊಸಬರು ಬಂದಾಗ ನಾವು ಮೊದಲು ಹೇಳುವುದೇ "ತಲೆ, ತಲೆ!" ಅಂತ.

ಈ ಮನೆಗೆ 160 ವರ್ಷ ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಾರೆ. ಆಧಾರ ಒಂದೇ, ಹಂಚು. ಇವತ್ತು ಪಾಚಿ ಉಜ್ಜುವಾಗ ನಾನೂ ಓದಿದೆ: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಆದರೆ ಅದು ಕಾರ್ಖಾನೆ ಹುಟ್ಟಿದ ಇಸವಿ. ಜಾರ್ಜ್ ಪ್ಲೆಬ್‌ಸ್ಟ್ ಎಂಬ ಮಿಶನರಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ಮಣ್ಣು ನಂಬಿ ಶುರು ಮಾಡಿದ್ದು. ಆಮೇಲೂ ಎಷ್ಟೋ ವರ್ಷ ಅದೇ ಇಸವಿಯ ಅಚ್ಚು ಒತ್ತುತ್ತಲೇ ಇದ್ದರು. ಹಿಂಬದಿಯ ಮಾಡಿನಲ್ಲಂತೂ, ಅಂದರೆ ಛಾವಣಿಯಲ್ಲಿ, ಸುಮಾರು ಹಂಚು ಕಾಮನ್‌ವೆಲ್ತಿನದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಶನ್ನಿನ ಕಾರ್ಖಾನೆಗಳನ್ನು ಕಿತ್ತುಕೊಂಡ ಮೇಲೆ ಬಂದ ಹೆಸರದು.

ಅಪ್ಪನಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.

ಮಧ್ಯಾಹ್ನ ಮರದ ಕೆಲಸದ ಆಚಾರ್ರು ಮೇಲಿಂದ ಕರೆದರು. "ಅಕ್ಕ, ಇಲ್ಲಿ ನೋಡಿ. ಇದು ಹಂಚಿಗೆ ಕಟ್ಟಿದ ಮನೆಯೇ ಅಲ್ಲ." ಏಣಿ ಹತ್ತಿದೆ. ಹಲಸಿನ ತೊಲೆಯಲ್ಲಿ ಸಾಲಾಗಿ ತೂತುಗಳು. ಹಂಚು ಹೊರುವ ಈಗಿನ ಪಕ್ಕಾಸಿಗೂ ಅವಕ್ಕೂ ಸಂಬಂಧವೇ ಇಲ್ಲ. ಒಂದು ತೂತಿನೊಳಗೆ ಹಗ್ಗದ ಚೂರು ಸಿಕ್ಕಿಕೊಂಡಿತ್ತು, ಹೊಗೆ ಹಿಡಿದು ಇದ್ದಿಲಿನಂತೆ ಕಪ್ಪು. ಮುಟ್ಟಿದ್ದೇ ಪುಡಿಯಾಯಿತು. ಛೆ, ಮುಟ್ಟಬಾರದಿತ್ತು.

ಮೊದಲು ಇದಕ್ಕೆ ಮುಳಿಹುಲ್ಲಿನ ಮಾಡು. ಹುಲ್ಲಿನ ಮಾಡು ಕಡಿದಾಗಿರಬೇಕು, ಇಲ್ಲದಿದ್ದರೆ ನೀರು ನಿಂತು ಕೊಳೆಯುತ್ತದೆ. ಅದು ಜಗಲಿಯವರೆಗೂ ಇಳಿದು ಬರುತ್ತಿತ್ತು, ಹಾಗಾಗಿ ಗೋಡೆ ಗಿಡ್ಡ, ದಾರಂದವೂ ಗಿಡ್ಡ. ಹಂಚಿನಲ್ಲಿ ಚಡಿ ಇದೆ, ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಅಷ್ಟು ಇಳಿಜಾರು ಬೇಡ. ಆದರೆ ಹುಲ್ಲಿಗಿಂತ ಹಂಚಿನ ಭಾರ ಜಾಸ್ತಿ. ಸಾರಣೆ ಕಿತ್ತುಹೋದ ಮೂಲೆಯಲ್ಲಿ ಅದೂ ಕಂಡಿತು: ಕೆಳಗೆಲ್ಲ ಮಣ್ಣಿನ ಗೋಡೆ, ಮೇಲೆ ಮೂರು ವರಸೆ ಮುರಕಲ್ಲು, ಅಂದರೆ ಕೆಂಪುಕಲ್ಲು. ಹಂಚು ಬಂದಾಗ ಯಾರೋ ಗೋಡೆಗೆ ಟೋಪಿ ಇಟ್ಟಂತೆ ಕಲ್ಲು ಕಟ್ಟಿ, ಮಾಡನ್ನು ಎತ್ತಿದ್ದಾರೆ. ದಾರಂದವನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ, ನಮ್ಮ ಹಣೆಗೆ!

ಪೆಟ್ಟಿಗೆಯಲ್ಲಿ ಹಳೆ ತೀರ್ವೆ, ಅಂದರೆ ಭೂಕಂದಾಯದ, ರಶೀದಿಗಳಿವೆ. ನಮ್ಮ ಕಾಸರಗೋಡು ಕೇರಳಕ್ಕೆ ಸೇರದೆ ಇನ್ನೂ ದಕ್ಷಿಣ ಕನ್ನಡದಲ್ಲಿದ್ದ, ಅಂದರೆ 1956ಕ್ಕಿಂತ ಹಿಂದಿನವು. ಅದರಲ್ಲಿ ಜಾಗದ ಲೆಕ್ಕ ಇದೆ, ಮನೆಯ ಸುದ್ದಿ ಒಂದಕ್ಷರ ಇಲ್ಲ.

ದೊಡ್ಡಮ್ಮನನ್ನು ಕೇಳಿದೆ. "ನಾನು ಮದುವೆಯಾಗಿ ಬಂದಾಗ ದನದ ಹಟ್ಟಿಗೆ ಮುಳಿ ಇತ್ತು. ಪ್ರತಿ ವರ್ಷ ಹೊದಿಸಬೇಕು, ಸೊಂಟ ಬಿದ್ದುಹೋಗ್ತಿತ್ತು. ಹಂಚು ಬಂದದ್ದು ಪುಣ್ಯ" ಅಂದರು. ನನಗೆ ಮುಳಿಯ ತಂಪು ನೆನೆದು ಆಸೆಯಾಗುತ್ತಿತ್ತು. ಹುಲ್ಲು ಹೊತ್ತವರು ಅವರು, ನಾನಲ್ಲವಲ್ಲ.

ಸಂಜೆ ಅಪ್ಪ ಫೋನಿನಲ್ಲಿ ಚಿಕ್ಕಪ್ಪನಿಗೆ ಹೇಳುತ್ತಿದ್ದರು: "ಹಂಚು 1865ರದ್ದಲ್ವಾ? ಗೋಡೆ ಅದಕ್ಕಿಂತಲೂ ಹಳೇದಂತೆ ಮಾರಾಯ. ಮಗಳೇ ಕಂಡುಹಿಡಿದದ್ದು!"